ಟವರಿನ ಅರ್ಥ ಹೇಳಿದ ದಿನ

ನಾನು ನಿಂತದ್ದು ಹಳೆಯ ಸಾಮಿಲ್ಲಿನ ಶೆಡ್ಡಿನೊಳಗೆ, ಮೂಡು ಬಾಗಿಲಿನ ಎಡಗಡೆಯ ಕಂಬಕ್ಕೆ ಬೆನ್ನು ಕೊಟ್ಟು. ಕೊರೋನಾ ಗಲಾಟೆ ಮುಗಿದ ಮರುವರ್ಷ, ದೀಪಾವಳಿ ಕಳೆದ ಎರಡನೆಯ ಭಾನುವಾರ, ಬಿಸಿಲು ತಗಡಿನ ಮಾಡಿನಿಂದ ಇಳಿದು ಕೂತವರ ಕಾಲ ಮೇಲೆ ಬೀಳುವ ಹೊತ್ತು. ಎಡಗಡೆಯ ಕಂಬ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಲಗಡೆ ನಿಂತವರಿಗೆ ಗಣಪಣ್ಣನ ಬೆನ್ನು ಮಾತ್ರ ಕಾಣುತ್ತಿತ್ತು. ನನಗೆ ಮುಖ ಕಾಣುತ್ತಿತ್ತು. ಭಾಗಿ ಅತ್ತಿಗೆ ಎದ್ದು ನಿಂತ ಜಾಗವೂ ಕಾಣುತ್ತಿತ್ತು. ಇಬ್ಬರ ಮುಖವನ್ನೂ ಒಟ್ಟಿಗೆ ಕಂಡವರು ಹೆಚ್ಚು ಮಂದಿ ಇಲ್ಲ.

ಇಷ್ಟು ದಿನದ ಮೇಲೆ ಇದು ನೆನಪಾದದ್ದು ವಾಸನೆಯಿಂದ. ನಿನ್ನೆ ನಮ್ಮ ಕೇರಿಯಲ್ಲಿ ಯಾರೋ ಹೊಸ ಬಾಗಿಲಿಗೆಂದು ಮತ್ತಿ ಮರ ಕೊಯ್ಯಿಸುತ್ತಿದ್ದರು. ಹಸಿ ಹೊಟ್ಟಿನ ಘಾಟು ಮೂಗಿಗೆ ಬಿದ್ದದ್ದೇ ತಡ, ಜಗಲಿಯ ಮೇಲೆ ಕೂತಿದ್ದ ನನ್ನ ಎರಡೂ ಕೈ ತಾವಾಗಿಯೇ ಮಡಿಲಿಗೆ ಬಂದು ಬಾರಿಸಲು ಅಣಿಯಾದವು. ಮಡಿಲಿನಲ್ಲಿ ಮದ್ದಳೆ ಇರಲಿಲ್ಲ. ಹೆಂಡತಿ ಒಳಗಿನಿಂದ ನೋಡಿ, “ಎಂತಾತು ನಿಂಗಕ್ಕೆ?” ಎಂದಳು. ಏನಿಲ್ಲ ಎಂದೆ. ಅವಳಿಗೆ ಹೇಳದೆ ಬಿಟ್ಟದ್ದನ್ನು ನಿಮಗೆ ಹೇಳುತ್ತಿದ್ದೇನೆ. ಕಂಡದ್ದನ್ನು ಕಂಡೆ ಎಂದೂ ಕೇಳಿದ್ದನ್ನು ಕೇಳಿದೆ ಎಂದೂ ಬೇರೆಬೇರೆಯಾಗಿಯೇ ಹೇಳುತ್ತೇನೆ. ಹೊಟ್ಟೆಪಾಡಿಗೆ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದು ಕೊಡುವವನು ನಾನು. ಅಳತೆಗಿಂತ ಒಂದು ಬೆರಳು ಹೆಚ್ಚು ಹರಿದರೂ ಜೀವ ಕಸಿವಿಸಿಯಾಗುತ್ತದೆ.

ನಮ್ಮ ಕೇರಿ ಇರುವುದು ಯಲ್ಲಾಪುರದ ಪೇಟೆ ಮುಗಿದು ನಂದೊಳ್ಳಿ ಕಡೆಗೆ ರಸ್ತೆ ಹೊರಳುವಲ್ಲಿ, ಒಂದು ತಗ್ಗಿನಲ್ಲಿ. ಹಿಂದೆ ಇಲ್ಲಿ ಸಾಮಿಲ್ಲು ನಡೆಯುತ್ತಿತ್ತು. ಕಾಡಿನ ಮರ ಬರುವುದು ನಿಂತ ಮೇಲೆ ಮಿಲ್ಲೂ ನಿಂತಿತು, ಮಾಲೀಕ ಹುಬ್ಬಳ್ಳಿಗೆ ಹೋದ, ಹೆಸರು ಮಾತ್ರ ನಮಗೆ ಉಳಿಯಿತು: ಸಾಮಿಲ್ ಕೇರಿ. ತಗ್ಗಿನಲ್ಲಿರುವುದರಿಂದ ನಮ್ಮ ಮನೆಗಳಲ್ಲಿ ಫೋನಿಗೆ ರೇಂಜ್ ಇರುತ್ತಿರಲಿಲ್ಲ. ರೇಂಜ್ ಸಿಗುತ್ತಿದ್ದುದು ಒಂದೇ ಕಡೆ, ರಸ್ತೆಯ ತಿರುವಿನ ಮೋರಿಯ ಮೇಲೆ. ಹಾಗಾಗಿ ಕೇರಿಯ ಸಕಲ ಸಂಭಾಷಣೆಯೂ ಆ ಮೋರಿಯ ಕಟ್ಟೆಯ ಮೇಲೆ, ಅದೂ ಕೂಗಿ, ನಡೆಯುತ್ತಿತ್ತು. ಹೆಣ್ಣು ನೋಡಿದ್ದು, ಗಂಡು ಬೇಡವೆಂದದ್ದು, ಬೀಗರ ಮೇಲಿನ ದೂರು, ಎಲ್ಲ ಅಲ್ಲೇ. ವೈರಿಂಗ್ ಕೆಲಸದ ಮಾಬ್ಲಣ್ಣನಿಗೆ ಮೂಲವ್ಯಾಧಿ ಎಂಬುದು ಅವನ ಹೆಂಡತಿಗಿಂತ ಮೊದಲು ಕೇರಿಗೆ ತಿಳಿದದ್ದು ಹಾಗೆ. ಗುಟ್ಟಿಲ್ಲದ ಕೇರಿಯಲ್ಲಿ ಜಗಳವೂ ಬಹಳ ದಿನ ಬಾಳುವುದಿಲ್ಲ. ಅದೊಂದು ಅನುಕೂಲ.

ಮಿಲ್ಲಿನ ಖಾಲಿ ಶೆಡ್ಡಿನಲ್ಲಿ ನಾವು ತಿಂಗಳಿಗೊಮ್ಮೆ ತಾಳಮದ್ದಳೆ ಮಾಡುತ್ತಿದ್ದೆವು. ಬಯಲುಸೀಮೆಯ ಓದುಗರಿಗಾಗಿ ಒಂದು ಮಾತು: ತಾಳಮದ್ದಳೆಯೆಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ್ಯ ಹೇಳುತ್ತಾರೆ, ಮದ್ದಳೆಯವನು ಬಾರಿಸುತ್ತಾನೆ, ಪದ್ಯ ಮುಗಿದ ಮೇಲೆ ಪಾತ್ರಧಾರಿಗಳು ಪಂಚೆ ಶಾಲಿನಲ್ಲೇ ಎದುರುಬದುರು ಕೂತು ಮಾತಿನಲ್ಲಿ ಕಾದುತ್ತಾರೆ. ಅದಕ್ಕೆ ‘ಅರ್ಥ ಹೇಳುವುದು’ ಎನ್ನುತ್ತಾರೆ. ಯಾವ ಬದಿ ಕೊಟ್ಟರೆ ಆ ಬದಿಯ ಅರ್ಥ ಹೇಳಬೇಕು. ನಿಮ್ಮ ಸ್ವಂತ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಅರ್ಥದಲ್ಲಿ ಮಗ ಅಪ್ಪನಿಗೆ “ಎಲವೋ ಪಾಪಿ” ಎನ್ನಬಹುದು, ಅಳಿಯ ಮಾವನನ್ನು ಹೇಡಿ ಎಂದು ಹೀಯಾಳಿಸಬಹುದು. ಮಂಗಳ ಹಾಡಿದ ಮೇಲೆ ಇಬ್ಬರೂ ಒಟ್ಟಿಗೆ ಕೂತು ಅವಲಕ್ಕಿ ತಿಂದು ಕಷಾಯ ಕುಡಿಯುತ್ತಾರೆ. ಪಾತ್ರದಲ್ಲಿ ಆಡಿದ್ದಕ್ಕೆ ಮನೆಯಲ್ಲಿ ಮುನಿಸಿಲ್ಲ. ನಮ್ಮ ಕಡೆ ಇದು ಎಷ್ಟು ರೂಢಿಯೆಂದರೆ ಗ್ರಾಮಸಭೆಯಲ್ಲೂ ಮದುವೆ ಮಾತುಕತೆಯಲ್ಲೂ ಜನ ಅರ್ಥ ಹೇಳಲು ಶುರುಮಾಡಿಬಿಡುತ್ತಾರೆ. ಗೆದ್ದವನಿಗೂ ಸೋತವನಿಗೂ ಆಮೇಲೆ ತಾನು ನಿಜಕ್ಕೂ ಏನು ಹೇಳಬೇಕೆಂದಿದ್ದೆ ಎಂಬುದು ನೆನಪಿರುವುದಿಲ್ಲ.

ನಮ್ಮಲ್ಲಿ ಭಾಗವತರು ಸುಬ್ರಾಯ ಹೆಗಡೆಯವರು. ಮದ್ದಳೆ ನನ್ನದು. ಮದ್ದಳೆಯವನಿಗೆ ಅರ್ಥ ತಿಳಿಯಬೇಕಾದ್ದಿಲ್ಲ, ಮಾತು ಎಲ್ಲಿ ಮುಗಿಯುತ್ತದೆಂದು ತಿಳಿದರೆ ಸಾಕು ಎಂಬುದು ಕೇರಿಯ ನಂಬಿಕೆ. ಅದು ಪೂರ್ತಿ ಸುಳ್ಳೂ ಅಲ್ಲ. ಮುಖ್ಯ ಅರ್ಥಧಾರಿ ಗಣಪಣ್ಣ, ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು, ನನ್ನ ಪಕ್ಕದ ಮನೆಯವನು. ಅವನ ಬಾಯಿಗೆ ಬಿದ್ದ ಮೇಲೆ ಗೆದ್ದು ಬಂದವರನ್ನು ನಾನು ಕಂಡಿಲ್ಲ. ನನ್ನನ್ನು ಕಂಡರೆ ಮಾತ್ರ ಅವನಿಗೆ ಎಲ್ಲಿಲ್ಲದ ಸಲಿಗೆ. “ತಮಾ, ನೀನು ಬಟ್ಟೆ ಅಳ್ಯದು ಮೀಟರಿನಲ್ಲಿ, ಮದ್ದಳೆ ಬಾರ್ಸದು ಗಜದಲ್ಲಿ. ಅದಕ್ಕೇ ತಾಳ ತಪ್ತು,” ಎನ್ನುತ್ತಿದ್ದ. ಒಮ್ಮೆ ಇದನ್ನೇ ನಮ್ಮ ಅಂಗಡಿಯಲ್ಲಿ ಗಿರಾಕಿಗಳ ಎದುರು ಹೇಳಿಬಿಟ್ಟ. ಆಗ ಬಟ್ಟೆ ಕೊಳ್ಳುತ್ತಿದ್ದ ಹೆಂಗಸೊಬ್ಬಳು ರವಿಕೆ ಖಣವನ್ನು ಇನ್ನೊಮ್ಮೆ ಅಳೆಸಿದಳು.

ಗಣಪಣ್ಣನ ಹೆಂಡತಿ ಭಾಗಿ ಅತ್ತಿಗೆ. ತಾಳಮದ್ದಳೆಯ ದಿನ ಹೆಂಗಸರ ಸಾಲಿನಲ್ಲಿ, ಮರ ಕೊಯ್ಯುವ ಹಳೇ ಯಂತ್ರದ ಪಕ್ಕ ಅವಳು ಕೂರುತ್ತಿದ್ದಳು. ಗಂಡ ಅರ್ಥ ಹೇಳುವಾಗ ಅವನ ಮುಖ ನೋಡುತ್ತಿರಲಿಲ್ಲ, ಬತ್ತಿ ಹೊಸೆಯುತ್ತಿದ್ದಳು. ಎಲ್ಲರೂ ತಲೆದೂಗಿ “ಆಹಾ” ಎನ್ನುವಲ್ಲಿ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಅಷ್ಟೇ ಅವಳ ಮೆಚ್ಚುಗೆ. ಗಂಡನಿಗೆ ಅವಳು “ನಿಂಗ” ಎಂದು ಬಹುವಚನದಲ್ಲೇ ಮಾತಾಡುತ್ತಿದ್ದಳು. ಹೆಸರು ಹಿಡಿದದ್ದಂತೂ ಇಲ್ಲ.

ನಾನು ಹೇಳುತ್ತಿರುವ ದೀಪಾವಳಿಯ ಹಿಂದಿನ ವರ್ಷ ಅವಳಿಗೆ ಕಾಯಿಲೆಯಾಯಿತು. ಎದೆಯಲ್ಲಿ ಗಡ್ಡೆ. ಹುಬ್ಬಳ್ಳಿಯಲ್ಲಿ ಆಪರೇಶನ್, ಆಮೇಲೆ ತಿಂಗಳುಗಟ್ಟಲೆ ಔಷಧಿ, ಬಸ್ಸಿನಲ್ಲಿ ಹೋಗುವುದು, ಬಸ್ಸಿನಲ್ಲಿ ಬರುವುದು. ನಮ್ಮ ಕೇರಿಯವರು ಆ ರೋಗದ ಹೆಸರು ಎತ್ತುತ್ತಿರಲಿಲ್ಲ, ‘ಆ ಕಾಯಿಲೆ’ ಎನ್ನುತ್ತಿದ್ದರು, ದನಿ ತಗ್ಗಿಸಿ. ಅತ್ತಿಗೆ ಮಾತ್ರ ಸರಿಯಾಗಿ ಹೇಳುತ್ತಿದ್ದಳು. “ಕ್ಯಾನ್ಸರ್ ಹೇಳಿರೆ ಬಾಯಿಗೆ ಅಂಟಿಕೊಳ್ತಿಲ್ಲೆ, ಹೇಳು,” ಎಂದು ನನ್ನ ಹೆಂಡತಿಗೆ ಅಂದಳಂತೆ. ತಲೆಗೆ ಕಟ್ಟಲು ಮೆತ್ತನೆಯ ಬಟ್ಟೆ ಕೇಳಿಕೊಂಡು ಅಂಗಡಿಗೆ ಬಂದಿದ್ದಳು. ನಾನು ಮಲ್‌ಮಲ್ ಹರಿದು ಕೊಟ್ಟೆ. ಬೆರಳಿನಲ್ಲಿ ಮುಟ್ಟಿ ನೋಡಿ, “ಬಾಣಂತಿ ಕೂಸಿಗೆ ಕೊಡೋ ನಮೂನೆದೇ ಕೊಟ್ಯಲೋ ತಮಾ,” ಎಂದು ನಕ್ಕಳು.

ಔಷಧಿ ಮುಗಿದು, ಕೂದಲು ಮತ್ತೆ ಚಿಗುರುವ ಹೊತ್ತಿಗೆ ಮೊಬೈಲ್ ಕಂಪನಿಯವರು ಟವರಿಗೆ ಜಾಗ ಹುಡುಕಿಕೊಂಡು ಬಂದರು. ಅವರಿಗೆ ಹಿಡಿಸಿದ್ದು ಮಿಲ್ಲಿನ ಹಿತ್ತಿಲು. ಮಾಲೀಕನ ಒಪ್ಪಿಗೆ ಆಗಿತ್ತು. ಆ ಹಿತ್ತಿಲಿನ ಬೇಲಿಯ ಆಚೆಗೇ ಗಣಪಣ್ಣನ ಅಡುಗೆಮನೆಯ ಕಿಟಕಿ.

ಕೇರಿ ಒಂದೇ ವಾರದಲ್ಲಿ ವಿಜ್ಞಾನಿಗಳಿಂದ ತುಂಬಿಹೋಯಿತು. ಟವರು ಬಂದರೆ ತೆಂಗಿನ ಎಳೆ ಮಿಳ್ಳೆ ಕಾಯಿಗಟ್ಟುವ ಮೊದಲೇ ಉದುರುತ್ತದಂತೆ, ಗುಬ್ಬಿ ಸಾಯುತ್ತದಂತೆ, ನಿದ್ದೆ ಹಾರುತ್ತದಂತೆ, ಮಕ್ಕಳಾಗುವುದಿಲ್ಲವಂತೆ. ಮಾಬ್ಲಣ್ಣ ಮುಖಂಡನಾದ. ಮೋರಿಯ ಮೇಲೆ ಕೂತು, ಫೋನಿಗೆ ಬಂದ ಸುದ್ದಿಗಳನ್ನೆಲ್ಲ ಓದಿ ಹೇಳುತ್ತಿದ್ದ. ಗಣಪಣ್ಣ ಅತ್ತ ಹಾಯುವಾಗ, “ಮಾಬ್ಲಾ, ಟವರು ಬೇಡ ಹೇಳೋ ಸುದ್ದಿ ನಿಂಗೆ ಯಾವ ಟವರಿಂದ ಬತ್ತೋ?” ಎಂದು ಕೇಳಿದ. ಮಾಬ್ಲಣ್ಣನೂ ಬಿಡುವವನಲ್ಲ. “ಮಾಸ್ತರ್ರೆ, ಕಳ್ಳನ ಸುದ್ದಿ ಕಳ್ಳನ ಮನೆಯಿಂದ್ಲೇ ಬರ್ಬೇಕು,” ಎಂದ. ನಾವೆಲ್ಲ ನಕ್ಕೆವು. ಆ ದಿನಗಳಲ್ಲಿ ಟವರಿನ ಮಾತಿಗೆ ನಾವು ಬಹಳ ನಕ್ಕಿದ್ದೇವೆ.

ಟವರು ಬೇಕು ಎಂದವನು ಒಬ್ಬನೇ, ಗಿರಣಿ ಬಸಣ್ಣ. ಬನವಾಸಿ ಕಡೆಯಿಂದ ಬಂದು ನಮ್ಮ ಕೇರಿಯಲ್ಲಿ ಹಿಟ್ಟಿನ ಗಿರಣಿ ಇಟ್ಟವನು. ಅವನ ತಾಯಿ ಗೌರವ್ವನಿಗೆ ಉಬ್ಬಸ. ಹಿಂದಿನ ಮಳೆಗಾಲದಲ್ಲಿ ಒಂದು ಸಂಜೆ ಉಸಿರು ಸಿಕ್ಕಿಕೊಂಡಾಗ ಬಸಣ್ಣ ಗಾಡಿ ಕರೆಸಲು ಮೋರಿಗೆ ಓಡಿದ್ದ. ಕರೆ ಸಿಕ್ಕಿ, ಮಾತಾಡಿ, ಓಡಿ ಬರುವಾಗ ಗೌರವ್ವ ಒಬ್ಬಳೇ ಹೊಸಿಲ ಮೇಲೆ ಕೂತು, ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ಉಸಿರನ್ನು ಚೌಕಟ್ಟಿನಿಂದ ಎಳೆಯುತ್ತಿರುವಂತೆ. ಇದನ್ನು ನಾನು ಕಂಡಿಲ್ಲ, ಬಸಣ್ಣ ಹೇಳಿದ್ದು. “ಫೋನ್ ಹಚ್ಚಾಕ ಹೋದ್ರ ಅವ್ವನ ಹಂತೇಕ ಯಾರ್ರಿ? ಅವ್ವನ ಹಂತೇಕ ಕುಂತ್ರ ಫೋನ್ ಹಚ್ಚೋರು ಯಾರ್ರಿ?” ಎಂದು ಅವನು ಕೇಳುವಾಗ ಮೈಮೇಲಿನ ಹಿಟ್ಟನ್ನು ಒರೆಸಿಕೊಳ್ಳುತ್ತಲೇ ಇದ್ದ.

ಕಂಪನಿಯ ಇಂಜಿನಿಯರು ಊರವರ ಜೊತೆ ಮಾತಾಡಲು ಭಾನುವಾರ ಬರುತ್ತಾನೆಂದು ಸುದ್ದಿ ಬಂತು. ಹಿಂದಿನ ದಿನ ಶೆಡ್ಡಿನಲ್ಲಿ ನಾವು ಕೆಲವರು ಸೇರಿದ್ದೆವು. ಸುಬ್ರಾಯ ಹೆಗಡೆಯವರಿಗೆ ಸಭೆಯದ್ದೇ ಚಿಂತೆ. “ಎಲ್ಲರೂ ಬೇಡ ಹೇಳವ್ವೇ ಆದ್ರೆ ಅದೆಂತ ಸಭೆನೋ? ಒಂದು ಬದಿ ಖಾಲಿ ಬಿಟ್ಟು ಪ್ರಸಂಗ ಆಗ್ತಿಲ್ಲೆ,” ಎಂದರು. ಎಲ್ಲರೂ ಬಸಣ್ಣನ ಕಡೆ ನೋಡಿದರು. ಬಸಣ್ಣ ಗಾಬರಿಯಾಗಿ ಎದ್ದೇ ನಿಂತ. “ನಾ ಏನ್ ಮಾತಾಡ್ಲಿ ಹೆಗಡೇರ? ಗಿರಣಿ ಸಪ್ಪಳದಾಗ ನಾ ಅಂದದ್ದು ನನಗs ಕೇಳಿಸೂದಿಲ್ಲ. ಮಾಸ್ತರ, ನನ್ನ ಪರವಾಗಿ ನೀವs ಆಡ್ರಿ.”

ಗಣಪಣ್ಣ ಒಂದಿಷ್ಟೂ ಯೋಚಿಸಲಿಲ್ಲ. “ಹಾಂಗಾರೆ ಟವರಿನ ಅರ್ಥ ಆನು ಹೇಳ್ತೆ,” ಎಂದ.

ಯಾರಿಗೂ ಇದು ವಿಚಿತ್ರವೆನಿಸಲಿಲ್ಲ. ನನಗೂ. ಬೇರೆ ಊರಿನವರಾಗಿದ್ದರೆ, ಟವರಿಗೂ ನಿನ್ನ ಅಡುಗೆಮನೆಗೂ ನಡುವೆ ಒಂದು ಬೇಲಿ ಮಾತ್ರ ಇದೆಯಲ್ಲ ಮಾರಾಯ, ನಿನ್ನ ಹೆಂಡತಿ ಈಗಷ್ಟೇ ಎದ್ದಿದ್ದಾಳಲ್ಲ ಎಂದು ಯಾರಾದರೂ ಕೇಳುತ್ತಿದ್ದರು. ನಮಗೆ ಹೊಳೆದದ್ದು, ಎದುರು ಅರ್ಥಕ್ಕೆ ಒಳ್ಳೆಯ ಜನ ಸಿಕ್ಕಿತು ಎಂಬುದೊಂದೇ. ಮನೆಯಲ್ಲಿ ಅವನು ಅವಳನ್ನು ಕೇಳಲಿಲ್ಲ. ಹುಬ್ಬಳ್ಳಿಯ ಡಾಕ್ಟರರು, ಟವರಿನಿಂದ ಇಂಥದ್ದು ಬರುತ್ತದೆಂದು ಸಾಬೀತಾಗಿಲ್ಲ ಎಂದು ಇಬ್ಬರಿಗೂ ಹೇಳಿದ್ದರು. ಅಲ್ಲಿಗೆ ಅವಳ ಮನಸ್ಸಿನಲ್ಲೂ ಅದು ಮುಗಿಯಿತು ಎಂದುಕೊಂಡಿದ್ದನಂತೆ. ಅವಳೋ, ತಾನು ದಿನಕ್ಕೆ ಹತ್ತು ಸಲ ಆ ಕಿಟಕಿಯಲ್ಲಿ ನಿಂತು ಹಿತ್ತಿಲು ನೋಡುವುದು ಅವನಿಗೆ ಕಾಣುತ್ತಿದೆ ಎಂದುಕೊಂಡಿದ್ದಳಂತೆ. ಇವೆರಡೂ ನನಗೆ ಆಮೇಲೆ ತಿಳಿದದ್ದು.

ಭಾನುವಾರ ಇಡೀ ಕೇರಿ ಬಂದಿತ್ತು. ಇಂಜಿನಿಯರು ಹಾವೇರಿ ಕಡೆಯ ತರುಣ, ಪಾಪದವನು. ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದ. ಸುಬ್ರಾಯ ಹೆಗಡೆಯವರು ಅಭ್ಯಾಸಬಲದಿಂದ ಜಾಗಟೆ ತಂದಿದ್ದರು. ಮದ್ದಳೆ ಬೇಡವೆಂದು ನಾನು ಮನೆಯಲ್ಲೇ ಬಿಟ್ಟಿದ್ದೆ. ಆ ಶೆಡ್ಡಿನಲ್ಲಿ ಬರಿಗೈಯಲ್ಲಿ ಹೇಗೆ ಇರುವುದೆಂದು ತಿಳಿಯದೆ ಕಂಬಕ್ಕೆ ಒರಗಿದೆ. ಮೊದಲು ಮಾಬ್ಲಣ್ಣ ಮಾತಾಡಿದ. ಗುಬ್ಬಿ, ತೆಂಗು, ನಿದ್ದೆ, ಎಲ್ಲ ಬಂತು. ಆಮೇಲೆ ಗಣಪಣ್ಣ ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡು ಚಾಪೆಯ ಮೇಲೆ ಕೂತ.

“ಎಲೈ ಮಹಾಜನರೇ, ನಾನು ಗೋಪುರ,” ಎಂದು ಶುರುಮಾಡಿದ. “ಗುಡಿಯಿಲ್ಲದ ಗೋಪುರ, ಕಲಶವಿಲ್ಲದ ಗೋಪುರ. ನನ್ನೊಳಗೆ ದೇವರಿಲ್ಲ. ಆದರೆ ಕೂಗಿದವರ ಕೂಗನ್ನು ಕೇಳಬೇಕಾದವರ ಕಿವಿಗೆ ಮುಟ್ಟಿಸುತ್ತೇನೆ. ದೇವರು ಮಾಡುವುದೂ ಅಷ್ಟೇ ಎಂದು ನೀವೇ ಹೇಳುತ್ತೀರಿ. ಅವನಿಗೆ ಹಣ್ಣುಕಾಯಿ, ನನಗೆ ಬೈಗುಳ. ಇದಾವ ನ್ಯಾಯ?”

ಶೆಡ್ಡು ನಗೆಯಿಂದ ತುಂಬಿತು. ಇಂಜಿನಿಯರು ಕುರ್ಚಿಯಲ್ಲಿ ಸರಿಯಾಗಿ ಕೂತ.

ಗಣಪಣ್ಣ ಬೆಳೆಸಿಕೊಂಡು ಹೋದ. ಬಿಸಿಲಿಗೂ ಕಿರಣವಿದೆ, ಒಲೆಯ ಉರಿಗೂ ಕಾವಿದೆ, ಅವುಗಳ ಜೊತೆ ಬಾಳುತ್ತಿಲ್ಲವೇ ಎಂದ. ಮಾಬ್ಲಣ್ಣನ ಗುಬ್ಬಿಯನ್ನು ಹಿಡಿದು, “ನಿಮ್ಮ ಹೊಸ ಮನೆಗಳಲ್ಲಿ ಗೂಡು ಕಟ್ಟಲು ಒಂದು ಬಿರುಕು ಬಿಟ್ಟಿರೇನು? ಹೊರಗೆ ಹಾಕಿದವರು ನೀವು, ಕೊಂದವನು ನಾನೆಂದಿರಿ!” ಎಂದ. ಮಾಬ್ಲಣ್ಣನೇ ಚಪ್ಪಾಳೆ ತಟ್ಟಿಬಿಟ್ಟ. ಆಮೇಲೆ ದನಿ ತಗ್ಗಿಸಿ, ಹೆಸರು ಹೇಳದೆ, ಗೌರವ್ವನ ಸಂಜೆಯನ್ನು ಹೇಳಿದ. ಹೊಸಿಲು, ಚೌಕಟ್ಟು, ಹಿಡಿದ ಕೈ. ಬಸಣ್ಣ ಟವೆಲಿನಿಂದ ಕಣ್ಣು ಒತ್ತಿಕೊಂಡ. “ಕಾಣುವ ಕೇಡು ಹೊಸಿಲ ಮೇಲೆ ಕೂತು ಉಸಿರಿಗೆ ಒದ್ದಾಡುತ್ತಿರುವಾಗ, ಕಾಣದ ಕೇಡನ್ನು ಎಣಿಸುತ್ತ ಕೂತಿರಲ್ಲ! ರೋಗಕ್ಕೆ ಮದ್ದುಂಟು ಮಹಾಜನರೇ, ಸಂಶಯಕ್ಕೆ ಮದ್ದುಂಟೇ?”

ಸೇರಿದವರ ಬಾಯಿಂದ “ಆಹಾ” ಬಂತು. ನನ್ನ ಬಾಯಿಂದಲೂ ಬಂತು. ಟವರು ಬೇಡವೆಂದು ಬಂದ ಜನ ಟವರಿಗೆ ತಲೆದೂಗಿದರು. ನಾನು ಹೆಂಗಸರ ಸಾಲಿನ ಕಡೆ ನೋಡಿದೆ. ಆ ದಿನ ಭಾಗಿ ಅತ್ತಿಗೆ ಬತ್ತಿಯ ಹತ್ತಿ ತಂದಿರಲಿಲ್ಲ. ಅವಳು ಎದ್ದಳು.

ಹೊರಗೆ ಹೋಗುತ್ತಾಳೆಂದುಕೊಂಡೆ. ಅವಳು ಸಾಲು ದಾಟಿ ಬಂದು ಮಾಬ್ಲಣ್ಣ ಕೂತಿದ್ದ ಜಾಗದ ಪಕ್ಕ, ಗಂಡನ ಎದುರಿಗೆ ನಿಂತಳು. ತಲೆಗೆ ಬಿಳಿಯ ಮಲ್‌ಮಲ್ ಕಟ್ಟಿದ್ದಳು. ಅವಳು ಎಂದೂ ಅರ್ಥ ಹೇಳಿದವಳಲ್ಲ. ಆದರೆ ಜೀವಮಾನವೆಲ್ಲ ಕೇಳಿದವಳು.

“ಗೋಪುರವೇ,” ಎಂದಳು. ದನಿ ಸಣ್ಣದು, ಆದರೆ ನಡುಗಲಿಲ್ಲ. “ನೀನು ಚೆನ್ನಾಗಿ ಮಾತಾಡಿದೆ. ರೋಗಕ್ಕೆ ಮದ್ದುಂಟು ಎಂದೆ. ಆ ಮದ್ದನ್ನು ನೀನು ತೆಗೆದುಕೊಂಡಿದ್ದೀಯಾ?”

ಗಣಪಣ್ಣ ನಗುತ್ತಿದ್ದವನು ಹಾಗೇ ಉಳಿದ. ನಗು ಮುಖದ ಮೇಲೆ ಇತ್ತು, ಅದರ ಒಡೆಯ ಅಲ್ಲಿರಲಿಲ್ಲ.

“ನನಗೆ ಇದು ಯಾಕೆ ಬಂತು ಎಂದು ಡಾಕ್ಟರರನ್ನು ಕೇಳಿದೆ. ಗೊತ್ತಿಲ್ಲ ಎಂದರು. ಮತ್ತೆ ಬರುತ್ತದೆಯೋ ಎಂದು ಕೇಳಿದೆ. ಅದೂ ಗೊತ್ತಿಲ್ಲ ಎಂದರು. ಒಳ್ಳೆಯವರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು. ನೀನು ನನ್ನ ಅಡುಗೆಮನೆಯ ಕಿಟಕಿಯಲ್ಲಿ ನಿಲ್ಲುವವನು. ದಿನಾ ಬೆಳಗಾದರೆ ನಿನ್ನ ಮುಖ ನೋಡಿ ನಾನು ಒಲೆ ಹಚ್ಚಬೇಕು.” ಇಲ್ಲಿಯವರೆಗೆ ಅವಳದು ಅರ್ಥದ ಭಾಷೆ. ಇಲ್ಲಿಂದ ಮುಂದೆ ಮನೆಯದಾಯಿತು. “ನಿನ್ನಿಂದ ಎಂಗೆ ಎಂತದೂ ಆಗ್ತಿಲ್ಲೆ ಹೇಳಿ ನಿಂಗೆ ಗೊತ್ತಿದ್ದ? ಗೊತ್ತಿದ್ರೆ ಹೇಳು. ಚೆಂದ ಮಾಡಿ ಬೇಡ. ಗೊತ್ತಿದ್ದು, ಇಲ್ಲದ್ರೆ ಗೊತ್ತಿಲ್ಲೆ. ಅಷ್ಟೇ ಹೇಳು.”

ಅರ್ಥಧಾರಿಗಳ ಮೌನದಲ್ಲಿ ಎಷ್ಟು ಬಗೆ ಎಂಬುದು ಮದ್ದಳೆಯವನಿಗೆ ಗೊತ್ತು. ಉಸಿರು ತೆಗೆದುಕೊಳ್ಳುವ ಮೌನ, ಜನರನ್ನು ಕಾಯಿಸುವ ಮೌನ, ಮಾತು ಮರೆತ ಮೌನ. ಅರ್ಥಧಾರಿ ಸಿಕ್ಕಿಬಿದ್ದ ಎನಿಸಿದರೆ ಭಾಗವತರು ತಟ್ಟನೆ ಜಾಗಟೆ ಹೊಡೆದು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ, ನಾನು ಮದ್ದಳೆಗೆ ಕೈ ಹಾಕುತ್ತೇನೆ, ಅವನ ಮರ್ಯಾದೆ ಉಳಿಯುತ್ತದೆ. ಎಷ್ಟು ಜನರನ್ನು ಹಾಗೆ ಉಳಿಸಿಲ್ಲ ನಾವು! ಆ ದಿನವೂ ಸುಬ್ರಾಯ ಹೆಗಡೆಯವರ ಕೈ ಜಾಗಟೆಗೆ ಹೋದದ್ದನ್ನು ಕಂಡೆ. ಅವರು ತಲೆಯೆತ್ತಿ ನನ್ನ ಕಡೆ ನೋಡಿದರು. ನನ್ನ ಕೈ ಎದ್ದು ಗಾಳಿಯಲ್ಲಿ ನಿಂತಿತು. ಮದ್ದಳೆ ಇಲ್ಲದ್ದು ಇರಲಿ, ಮುಂದಿನ ಪದ್ಯವೇ ಇರಲಿಲ್ಲ. ಈ ಪ್ರಸಂಗವನ್ನು ಯಾರೂ ಬರೆದಿರಲಿಲ್ಲ.

ಗಣಪಣ್ಣ ಹೆಗಲ ಮೇಲಿನ ಶಾಲು ತೆಗೆದ. ಮಡಿಸಿ ಮಂಡಿಯ ಮೇಲೆ ಇಟ್ಟುಕೊಂಡ. ಶಾಲು ತೆಗೆದರೆ ಪಾತ್ರ ಬಿಟ್ಟಂತೆ ಎಂದು ಎಲ್ಲೂ ನಿಯಮವಿಲ್ಲ; ನಾನು ಹಾಗೆ ತಿಳಿದೆ, ಅಷ್ಟೇ. ಆಮೇಲೆ ಹೇಳಿದ:

“ಎಂಗೆ ಗೊತ್ತಿಲ್ಲೆ, ಭಾಗಿ.”

ಯಾರೂ ಆಹಾ ಎನ್ನಲಿಲ್ಲ. ಇಂಜಿನಿಯರು ಎದ್ದು ನಿಂತು, “ಮೇಡಂ, ಸರ್ಕಾರ ಹಾಕಿದ ಮಿತಿಯೊಳಗೇ ಇರ್ತದೆ ಅಂತ ನಾನು ಹೇಳಬಲ್ಲೆ. ಅದಕ್ಕಿಂತ ಹೆಚ್ಚಿಗೆ ಹೇಳಾಕ ನಾನು ಡಾಕ್ಟರ್ ಅಲ್ಲ,” ಎಂದ. ಅದು ಪ್ರಾಮಾಣಿಕವಾದ ಮಾತು. ಅತ್ತಿಗೆ ಅವನಿಗೆ ತಲೆಯಾಡಿಸಿದಳು.

ಆಗ ಮಾತೇ ಬಾರದೆಂದಿದ್ದ ಬಸಣ್ಣ ಎದ್ದ. “ಮಾಸ್ತರ, ಸಾಕ್ರಿ. ಅಕ್ಕಾರ ಕಿಡಕ್ಯಾಗ ಬ್ಯಾಡ. ನಮ್ಮವ್ವನ ಉಸರಿಗೆ ಇನ್ನೊಬ್ಬಾಕಿ ನಿದ್ದಿ ತಗೊಳ್ಳೂದು ಬ್ಯಾಡ್ರಿ.”

ಅತ್ತಿಗೆ ತಿರುಗಿದಳು. “ಹಾಂಗೆ ಹೇಳಬೇಡ ಬಸಣ್ಣ. ಅವ್ವಂಗೆ ಫೋನು ಬೇಕು. ಟವರು ಬೇಡ ಹೇಳಿ ಆನು ಹೇಳಿದ್ನಿಲ್ಲೆ. ಗೊತ್ತಿಲ್ಲದ್ದನ್ನ ಗೊತ್ತಿದ್ದು ಹೇಳಿ ಹೇಳಬೇಡಿ ಅಂದೆ.”

ಅಲ್ಲಿಂದ ಮುಂದಿನದನ್ನು ಸಭೆ ಎನ್ನಲಾಗದು. ನಾವೆಲ್ಲ ಎದ್ದು, ಆ ಇಂಜಿನಿಯರನ್ನೂ ನಡೆಸಿಕೊಂಡು, ಕೇರಿಯ ಸುತ್ತಲಿನ ಗುಡ್ಡ ಹತ್ತಿ ಇಳಿದೆವು. ಎಲ್ಲಿ ನಿಂತರೆ ಯಾರ ಕಿಟಕಿ ಕಾಣುತ್ತದೆ, ಎಲ್ಲಿ ನಿಂತರೆ ಗಿರಣಿಯ ಮಾಡು ಕಾಣುತ್ತದೆ ಎಂದು ನೋಡುವುದು. ಮಾಬ್ಲಣ್ಣ ತನ್ನ ಫೋನು ಎತ್ತಿ ಹಿಡಿದು ಮುಂದೆ ಮುಂದೆ ನಡೆದ, ಮೆರವಣಿಗೆಯ ದೀವಟಿಗೆಯವನ ಹಾಗೆ. ಕೊನೆಗೆ ಗೇರುತೋಪಿನ ಆಚೆ, ಮನೆಗಳಿಲ್ಲದ ನೆತ್ತಿಯಲ್ಲಿ ಒಂದು ಜಾಗವನ್ನು ಇಂಜಿನಿಯರು ಒಪ್ಪಿದ. ಕಂಪನಿ ಒಪ್ಪಲು ಮತ್ತೊಂದು ಮಳೆಗಾಲ ಕಳೆಯಿತು. ಅಷ್ಟರವರೆಗೆ ಬಸಣ್ಣನಿಗೆ ಏನು ಗತಿ? ಕೇರಿಯಲ್ಲಿ ತಂತಿಯ ಫೋನು ಉಳಿದಿದ್ದುದು ಗಣಪಣ್ಣನ ಮನೆಯಲ್ಲಿ ಮಾತ್ರ, ಅದೂ ವರ್ಷಗಳಿಂದ ಕೆಟ್ಟು ಮೂಲೆ ಸೇರಿತ್ತು. ಅವನು ಅದನ್ನು ರಿಪೇರಿ ಮಾಡಿಸಿ ಬಸಣ್ಣನ ಮನೆಗೆ ವರ್ಗ ಮಾಡಿಸಿದ. “ಟವರಿನ ಅರ್ಥ ಹೇಳಿ ಎದ್ದು ಬಂದ್ರೆ ಆತ? ಅದರ ಕೆಲಸ ಮಾಡವು ಯಾರು?” ಎಂದ. ಗೌರವ್ವನ ತಲೆದಿಂಬಿನ ಪಕ್ಕದ ಸ್ಟೂಲಿನ ಮೇಲೆ ಆ ಫೋನು ಕೂತಿತು. ಆಮೇಲೆ ಕೇರಿಯ ಹೆಂಗಸರೆಲ್ಲ ತವರುಮನೆಗೆ ಫೋನು ಮಾಡಲು ಅಲ್ಲಿಗೇ ಹೋಗತೊಡಗಿದರು. ಮುದುಕಿಗೆ ಹಗಲು ಹೊತ್ತು ಹೋಗದ ಕಷ್ಟವೊಂದು ತಪ್ಪಿತು.

ಸಭೆಯ ಮರುದಿನ ಗಣಪಣ್ಣ ನಮ್ಮ ಜಗಲಿಗೆ ಬಂದು ಕೂತ. ಮನೆಯಲ್ಲಿ ಮುನಿಸೇನೋ ಎಂದುಕೊಂಡು ಎಲೆಅಡಿಕೆಯ ತಟ್ಟೆ ಅವನ ಮುಂದಿಟ್ಟೆ. “ತಮಾ, ಎಂಗೆ ಭಾಗಿ ‘ನೀನು’ ಅಂದಿದ್ದು ಇದೇ ಮೊದಲು,” ಎಂದ ಕೊನೆಗೆ. “ಇನ್ಮೇಲೆ ಹಾಂಗೇ ಕರಿ ಹೇಳಿದ್ರೆ ಕೇಳ್ತಿಲ್ಲೆ. ಮತ್ತೆ ನಿಂಗ ನಿಂಗ ಹೇಳಲೆ ಶುರುಮಾಡಿದ್ದು.” ಅವನ ಮುಖದಲ್ಲಿದ್ದದ್ದು ದುಃಖವೋ, ಮದುವೆಯಾದ ಹೊಸತರ ನಾಚಿಕೆಯೋ ನನಗೆ ತಿಳಿಯಲಿಲ್ಲ. ಎರಡೂ ಇದ್ದಿರಬಹುದು.

ಅತ್ತಿಗೆಯನ್ನು ನಾನು ಕೇಳಿದ್ದು ಬಹಳ ದಿನ ಬಿಟ್ಟು, ಅಂಗಡಿಯಲ್ಲಿ, ಬೇರೆ ಗಿರಾಕಿ ಇಲ್ಲದಾಗ. ಪಾತ್ರದಲ್ಲಿ ಆಡಿದ್ದಕ್ಕೆ ಮುನಿಸಿಲ್ಲ ಎನ್ನುತ್ತಾರಲ್ಲ, ಆ ದಿನ ಸಿಟ್ಟು ಬಂದಿತ್ತೇ ಎಂದು. ಅವಳು ಬಟ್ಟೆಯ ಅಂಚು ನೋಡುತ್ತಲೇ ಹೇಳಿದಳು: “ಬಸಣ್ಣಂಗಾಗಿ ಮಾತಾಡಿದ್ದು ತಪ್ಪಲ್ಲ ತಮಾ. ಅವರು ಬರೀ ಮಾತಾಡಿದ್ರೆ ಆನು ಸುಮ್ಮಂಗೇ ಇರ್ತಿದ್ದೆ. ಅಷ್ಟು ಚೆಂದ ಮಾಡಿ ಹೇಳಿದ್ದಕ್ಕೆ ಎದ್ದೆ. ಎನ್ನ ಹೆದರಿಕೆ ಅವರ ಬಾಯಲ್ಲಿ ಒಂದು ಒಳ್ಳೆ ಮಾತಾಗಿ ಹೋತು. ಎಲ್ಲರೂ ಆಹಾ ಹೇಳಿದ್ರು.”

ಆಹಾ ಎಂದವರಲ್ಲಿ ನಾನೂ ಇದ್ದೆ ಎಂದು ಅವಳಿಗೆ ಗೊತ್ತಿತ್ತು. ಬಟ್ಟೆ ತೆಗೆದುಕೊಂಡು ಹೋದಳು.

ಟವರು ಈಗ ಗೇರುತೋಪಿನ ನೆತ್ತಿಯಲ್ಲಿ ನಿಂತಿದೆ. ರಾತ್ರಿ ಅದರ ಕೆಂಪು ದೀಪ ನಮ್ಮ ಅಂಗಳಕ್ಕೆ ಕಾಣುತ್ತದೆ. ಬಸಣ್ಣನ ಹೊಸಿಲಲ್ಲಿ ಚೆನ್ನಾಗಿಯೇ ರೇಂಜ್ ಸಿಗುತ್ತದೆ, ನಮ್ಮ ಮನೆಯಲ್ಲಿ ಕಿಟಕಿಗೆ ಬಂದರೆ ಸಿಗುತ್ತದೆ. ಅದರಿಂದ ಯಾರಿಗಾದರೂ ಕೇಡಾಯಿತೇ ಎಂದು ಕೇಳಿದರೆ, ಆಗಿದ್ದನ್ನು ನಾನು ಕಂಡಿಲ್ಲ. ಅದು ದೂರ ಹೋದದ್ದರಿಂದ ಯಾರಿಗಾದರೂ ಒಳ್ಳೆಯದಾಯಿತೇ ಎಂದರೆ, ಒಬ್ಬಳು ಕಿಟಕಿಯಲ್ಲಿ ಹಿತ್ತಿಲು ನೋಡುತ್ತ ನಿಲ್ಲುವುದು ನಿಂತಿತು. ಅದನ್ನು ಕಂಡಿದ್ದೇನೆ. ಅದಕ್ಕಿಂತ ಹೆಚ್ಚು ಹೇಳಿದರೆ ಅರ್ಥ ಹೇಳಿದಂತಾಗುತ್ತದೆ.

ಮದ್ದಳೆ ಬಾರಿಸುವುದು ಬಿಟ್ಟಿಲ್ಲ. ಆದರೆ ಯಾರಾದರೂ ಬಹಳ ಚೆನ್ನಾಗಿ ಮಾತಾಡತೊಡಗಿದರೆ ಈಗ ನಾನು ಹೆಂಗಸರ ಸಾಲಿನ ಕಡೆ ನೋಡುತ್ತೇನೆ. ಅಂಗಡಿಯಲ್ಲೂ ಒಂದು ಕೆಟ್ಟ ಚಾಳಿ ಅಂಟಿದೆ. ಮೊನ್ನೆ ಒಬ್ಬರು ಕೆಂಪು ಖಣ ಹಿಡಿದು, “ಬಣ್ಣ ಹೋಗ್ತದಾ?” ಎಂದು ಕೇಳಿದರು. ಮೊದಲಾಗಿದ್ದರೆ, “ಜೀವ ಹೋದರೂ ಬಣ್ಣ ಹೋಗೋದಿಲ್ಲ ತಾಯಿ,” ಎನ್ನುತ್ತಿದ್ದೆ. “ಗೊತ್ತಿಲ್ಲ,” ಎಂದೆ. ಅವರು ಖಣ ಇಟ್ಟು ಹೋದರು. ಧಣಿಗಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

ಸುಬ್ರಾಯ ಹೆಗಡೆಯವರು ಈಗ ಇಲ್ಲ. ಗೌರವ್ವ ಕಳೆದ ಚಳಿಗಾಲದಲ್ಲಿ ತೀರಿಕೊಂಡಳು, ಮಗನ ಕೈ ಹಿಡಿದುಕೊಂಡು. ಬಸಣ್ಣ ಅವಳನ್ನು ಬಿಟ್ಟು ಎಲ್ಲಿಗೂ ಓಡಬೇಕಾಗಲಿಲ್ಲ. ಇಂಜಿನಿಯರು ಎಲ್ಲಿದ್ದಾನೋ ತಿಳಿಯದು. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ಹೇಳಬಲ್ಲವರು, ಆ ದಿನ ಅಲ್ಲಿದ್ದು ಕಂಡವರು, ಇನ್ನೂ ಇದ್ದಾರೆ. ಗಿರಣಿ ಬಸಣ್ಣ ಇದ್ದಾನೆ. ಮಾಬ್ಲಣ್ಣ ಇದ್ದಾನೆ. ಗಣಪಣ್ಣ ಇದ್ದಾನೆ. ಭಾಗಿ ಅತ್ತಿಗೆ ಇದ್ದಾಳೆ.